ಕರಡಿ ಬೇಟೆಗೆ ಸಿಂಗಲ್ ಶಾಟ್ ರೈಫಲ್: ಗಿಡ್ಡ ಅಂತ ಕೊಳ್ಳುವ ಮುಂಚೆ

ಅಮೆರಿಕದ ಮೇನ್ ರಾಜ್ಯದಲ್ಲಿ ಕರಡಿ ಬೇಟೆಯ ಸೀಸನ್ ಆಗಸ್ಟ್ ಕೊನೆಯ ಸೋಮವಾರ ಶುರುವಾಗುತ್ತದೆ. ವಾರ ಕಳೆಯುವಷ್ಟರಲ್ಲಿ ನಮ್ಮ ಗನ್ ಕೌಂಟರ್‌ಗೆ ರಿಟರ್ನ್‌ಗಳು ಬರತೊಡಗುತ್ತವೆ. ಈ ಸಲ ಬಂದ ಒಂದು ರೈಫಲ್ ಮಾತ್ರ ಇನ್ನೂ ಕೊರೆಯುತ್ತಿದೆ. .45-70 ತೋಟೆಯ ಬ್ರೇಕ್-ಆಕ್ಷನ್, ಅಂದರೆ ಒಂದು ಸಲಕ್ಕೆ ಒಂದೇ ತೋಟೆ ಹಿಡಿಯುವ, ನಡುವೆ ಮುರಿದಂತೆ ಬಾಗಿಸಿ ತೆರೆಯುವ ಸಿಂಗಲ್ ಶಾಟ್. ಅಂಗಡಿಯಲ್ಲೇ ಸ್ಕೋಪ್ ಕೂರಿಸಿ ಮಾರಿದ ಕಾಂಬೊ. ಜೊತೆಗೆ ಸಿಡಿಯದ ಒಂದು ತೋಟೆ. ಅದರ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ತಳದ ಬಿಲ್ಲೆ) ಮೇಲೆ ಉಗುರಿನಿಂದ ಒತ್ತಿದಷ್ಟೇ ಗುರುತು.

ಗಿರಾಕಿ ಕೂತಿದ್ದು ಬೇಟ್‌ನಿಂದ (ಕರಡಿಯನ್ನು ಸೆಳೆಯಲು ಇಟ್ಟ ತಿನಿಸು) 25 ಗಜ ದೂರದ ಮರದ ಅಟ್ಟಣಿಗೆಯಲ್ಲಿ. ಕತ್ತಲಾಗುವ ಹೊತ್ತಿಗೆ ಕರಡಿ ಬಂದು ಅಡ್ಡಕ್ಕೆ ನಿಂತಿತು. ಹ್ಯಾಮರ್ ಎಳೆದು ಟ್ರಿಗರ್ ಒತ್ತಿದರೆ ಬರೀ ‘ಟಕ್’. ಕರಡಿ ತಲೆಯೆತ್ತಿ ಮೇಲಕ್ಕೇ ನೋಡಿತು. ಆಗ ರೈಫಲ್ ಮುರಿದು ತೋಟೆ ತೆಗೆಯುವಂತಿಲ್ಲ, ಪ್ರೈಮರ್ ತಡವಾಗಿ ಹೊತ್ತಿಕೊಂಡರೆ ತೆರೆದ ಚೇಂಬರ್ ಮುಖದ ಮುಂದೆಯೇ ಸಿಡಿಯುತ್ತದೆ. ನಳಿಗೆಯನ್ನು ಅಪಾಯವಿಲ್ಲದ ಕಡೆಗೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು. ಅವರು ಕಾದರು. ಅಷ್ಟರಲ್ಲಿ ಕರಡಿ ಪೊದೆ ಸೇರಿಬಿಟ್ಟಿತ್ತು.

ಫ್ಲೋರ್ ಮ್ಯಾನೇಜರ್ ತೋಟೆಯದೇ ತಪ್ಪು ಎಂದು ಹೇಳಿ ಹೊಸ ಬಾಕ್ಸ್ ಕೊಟ್ಟು ಕಳಿಸಲು ನೋಡಿದರು. ಗನ್‌ಸ್ಮಿತ್ ಒಪ್ಪದೆ ರೈಫಲನ್ನು ಬೆಂಚಿಗೆ ಹಾಕಿದರು. ಸ್ಕೋಪಿನ ಐಪೀಸ್ ರಿಂಗ್‌ನ ಅಡಿಯಲ್ಲಿ ಕಪ್ಪು ಬಣ್ಣ ಕಿತ್ತು ಹೊಳೆಯುವ ಸಣ್ಣ ಗೀರೊಂದಿತ್ತು. ಸ್ಕೋಪಿನ ಅಡಿಯಿಂದಲೂ ಹೆಬ್ಬೆರಳಿಗೆ ಸಿಗಲೆಂದು ಹ್ಯಾಮರ್‌ಗೆ ಪಕ್ಕದಿಂದ ಹಾಕಿದ್ದ ಎಕ್ಸ್‌ಟೆನ್ಶನ್ ಪ್ರತಿ ಸಲ ಬೀಳುವಾಗ ಅಲ್ಲಿ ಉಜ್ಜುತ್ತಿತ್ತು. ಹೊಡೆತದ ಜೋರೆಲ್ಲ ಅಲ್ಲೇ ಸೋರಿಹೋಗಿ, ಫೈರಿಂಗ್ ಪಿನ್‌ಗೆ ಉಳಿದದ್ದು ಆ ಉಗುರಿನ ಗುರುತಿನಷ್ಟು. ಸ್ಕೋಪ್ ಬಿಚ್ಚಿ, ಮದ್ದು ಗುಂಡು ಎರಡೂ ಇಲ್ಲದ, ಪ್ರೈಮರ್ ಮಾತ್ರ ಇರುವ ಕೇಸ್ ಹಾಕಿ ನೋಡಿದಾಗ ಸರಿಯಾಗಿ ಸಿಡಿಯಿತು.

ಮುಂದಿನ ಗಾಜು 50 ಎಂಎಂ ಇರುವ ದೊಡ್ಡ ಸ್ಕೋಪನ್ನು ಇಂಥ ರೈಫಲ್ ಮೇಲೆ ಕಾಂಬೊ ಅಂತ ಹೇರುವುದೇ ತಪ್ಪು. ಬೇಟ್ ಮೇಲಿನ ಗುರಿ 20ರಿಂದ 40 ಗಜದೊಳಗೆ ಮುಗಿಯುತ್ತದೆ. 1-4 ಅಥವಾ 2-7 ಪವರ್‌ನ, ಸಣ್ಣ ಐಪೀಸಿನ, 4 ಇಂಚಿಗೆ ಕಡಿಮೆಯಿಲ್ಲದ ಐ ರಿಲೀಫ್ (ಕಣ್ಣಿಗೂ ಐಪೀಸಿಗೂ ನಡುವಿನ ಅಂತರ) ಇರುವ ಸ್ಕೋಪ್ ಸಾಕು. ಖಾಲಿ ರೈಫಲ್‌ನ ಹ್ಯಾಮರ್ ಎಳೆದು, ಎಕ್ಸ್‌ಟೆನ್ಶನ್‌ಗೂ ಐಪೀಸಿಗೂ ನಡುವೆ ದಪ್ಪ ಕಾಗದದ ಚೂರು ಇಟ್ಟು, ಹ್ಯಾಮರನ್ನು ಹೆಬ್ಬೆರಳಲ್ಲಿ ಹಿಡಿದೇ ನಿಧಾನ ಕೆಳಗಿಳಿಸಿ. ಎಲ್ಲೂ ಕಾಗದ ಸಿಕ್ಕಿಕೊಳ್ಳಬಾರದು. ಸಿಕ್ಕಿಕೊಂಡರೆ ಸ್ಕೋಪನ್ನು ಹಿಡಿದಿರುವ ರಿಂಗ್ ಎತ್ತರಿಸಿ, ಇಲ್ಲವೇ ಸ್ಕೋಪನ್ನು ಮುಂದೆ ಸರಿಸಿ. ರೂಗರ್ ಕಂಪನಿಯ ‘ನಂಬರ್ 1’ ಸಿಂಗಲ್ ಶಾಟ್‌ನಲ್ಲಿ ಹ್ಯಾಮರ್ ಒಳಗೇ ಇದೆ, ಸೇಫ್ಟಿ ಟ್ಯಾಂಗ್ (ಸ್ಟಾಕಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಮೇಲಿದೆ. ಅದಕ್ಕೆ ಈ ತಾಪತ್ರಯವೇ ಇಲ್ಲ. ಆದರೆ ಬೆಲೆ ತುಂಬಾ ಮೇಲೆ.

ಉದ್ದದ ವಿಷಯಕ್ಕೆ ಬರೋಣ. ಗಿಡ್ಡ ಬೇಕೆಂದವರು ಮೊದಲು ಕೇಳುವುದೇ 16 ಇಂಚಿನ ನಳಿಗೆ. ಅಮೆರಿಕದ 1934ರ ಫೆಡರಲ್ ಕಾನೂನಿನ ಪ್ರಕಾರ ರೈಫಲ್ ನಳಿಗೆ 16 ಇಂಚಿಗಿಂತ ಅಥವಾ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆಯಾದರೆ ಬೇರೆಯೇ ನೋಂದಣಿ ಬೇಕು, ಹಾಗಾಗಿ ಅಂಚಿನಲ್ಲೇ ಆಟವಾಡುವುದು ಬೇಡ. ಅದರ ಅಗತ್ಯವೂ ಇಲ್ಲ. ಸಿಂಗಲ್ ಶಾಟ್‌ನಲ್ಲಿ ಬೋಲ್ಟ್ ಹಿಂದೆ ಮುಂದೆ ಓಡಾಡುವ ಜಾಗ ಇಲ್ಲದ್ದರಿಂದ ಸುಮಾರು 4 ಇಂಚು ತಾನಾಗಿಯೇ ಉಳಿಯುತ್ತದೆ. 22 ಇಂಚಿನ ನಳಿಗೆ ಇದ್ದರೂ ಒಟ್ಟು 37-38 ಇಂಚು. ಅಟ್ಟಣಿಗೆಯಲ್ಲಿ ಮೊಣಕೈ ಮಡಚಿಕೊಂಡು ತಿರುಗಿಸಲು ಅಷ್ಟು ಸಾಕು.

ಉದ್ದಕ್ಕಿಂತ ತೂಕ ನೋಡಿ. ಬ್ರೇಕ್-ಆಕ್ಷನ್‌ಗಳು 6 ಪೌಂಡ್ ಆಸುಪಾಸು. ಕೈಗೆತ್ತಿಕೊಂಡಾಗ ಹಿತ, ಗುಂಡು ಹೊಡೆದಾಗ ಅಲ್ಲ. 8 ಪೌಂಡಿನ .30-06 ಸುಮಾರು 20 ಅಡಿ-ಪೌಂಡ್ ಒದೆಯುತ್ತದೆ. 6 ಪೌಂಡಿನ .45-70ರಲ್ಲಿ ಸಾಮಾನ್ಯ 300 ಗ್ರೇನ್ ಫ್ಯಾಕ್ಟರಿ ತೋಟೆಯೇ 30ರ ಹತ್ತಿರ ಹೋಗುತ್ತದೆ. ‘ಕರಡಿಗೆ’ ಅಂತ ಹೆಸರಿಟ್ಟು ಮಾರುವ 430 ಗ್ರೇನ್‌ನ ಹಾರ್ಡ್ ಕಾಸ್ಟ್ (ಗಟ್ಟಿ ಸೀಸದ ಎರಕದ ಗುಂಡು) ಜೋರು ಲೋಡ್ ಹಾಕಿದರೆ 50 ದಾಟುತ್ತದೆ. ಅದನ್ನು ಎರಡು ಸಲ ಹೊಡೆದವರು ಮೂರನೇ ಸಲ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾರೆ. ಗುರಿ ತಪ್ಪುವುದು ಅಲ್ಲಿಯೇ.

ಮೇನ್‌ನ ಕಪ್ಪು ಕರಡಿಗೆ ಅಷ್ಟು ಬೇಕಾಗಿಯೂ ಇಲ್ಲ. .45-70 ಎಂಬುದು 1873ರ ಟ್ರ್ಯಾಪ್‌ಡೋರ್ ಎಂಬ ಅಮೆರಿಕನ್ ಸೇನಾ ರೈಫಲ್ ಕಾಲದ ತೋಟೆ, ತಯಾರಕರ ಮಾನದಂಡ ಸಂಸ್ಥೆ ಸಾಮಿ (SAAMI) ಇಟ್ಟ ಗರಿಷ್ಠ ಒತ್ತಡ 28,000 ಪಿಎಸ್‌ಐ. ಆ ಮಿತಿಯೊಳಗಿನ 300 ಗ್ರೇನ್ ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿಯಿರುವ ಗುಂಡು) ಚೆನ್ನಾಗಿ ಅರಳುತ್ತದೆ. ಜೋರು ಲೋಡ್‌ಗಳು ಈ ಮಿತಿ ಮೀರಿದವು. ಯಾವ ಆಕ್ಷನ್‌ಗೆ ಅಂತ ಬಾಕ್ಸ್ ಮೇಲೇ ಬರೆದಿರುತ್ತಾರೆ. ನಂಬರ್ 1ಕ್ಕೆ ಮಾತ್ರ ಎಂದು ಬರೆದದ್ದನ್ನು ಬ್ರೇಕ್-ಆಕ್ಷನ್‌ಗೆ ಎಂದೂ ಹಾಕಬೇಡಿ. ಸಣ್ಣ ಮೈಕಟ್ಟಿನವರಿಗೆ 75 ಗಜದೊಳಗೆ .44 ಮ್ಯಾಗ್ನಮ್ ಇನ್ನೂ ವಾಸಿ. .35 ವ್ಹೆಲೆನ್ ಕೂಡ ಒಳ್ಳೆಯದೇ. ಮಿಸ್ಸಿಸಿಪ್ಪಿಯ ‘ಪ್ರಿಮಿಟಿವ್ ವೆಪನ್’ (ಹಳೆ ಮಾದರಿ ಆಯುಧಗಳ) ಸೀಸನ್‌ನಲ್ಲಿ .35 ಅಥವಾ ಅದಕ್ಕಿಂತ ದೊಡ್ಡ ಕ್ಯಾಲಿಬರ್‌ನ ಸಿಂಗಲ್ ಶಾಟ್‌ಗೆ ಅವಕಾಶ ಇರುವುದರಿಂದಲೇ ಅದು ಇಂಥ ರೈಫಲ್‌ಗಳಲ್ಲಿ ಸುಲಭವಾಗಿ ಸಿಗುತ್ತದೆ.

ಆದರೆ .35 ವ್ಹೆಲೆನ್‌ಗೆ ತಳದಲ್ಲಿ ಹೊರಚಾಚಿದ ಅಂಚು, ಅಂದರೆ ರಿಮ್, ಇಲ್ಲ ಎಂಬುದು ನೆನಪಿರಲಿ. .45-70, .44ರ ಹೊರಚಾಚಿದ ರಿಮ್ಮನ್ನು ಎಕ್ಸ್‌ಟ್ರಾಕ್ಟರ್ ಗಟ್ಟಿಯಾಗಿ ಹಿಡಿಯುತ್ತದೆ. ರಿಮ್ ಇಲ್ಲದ ಕೇಸ್‌ಗೆ ಸ್ಪ್ರಿಂಗ್ ಕೊಕ್ಕೆಯೇ ಗತಿ. ಕೊಳೆ ಸೇರಿದರೆ, ಚೇಂಬರ್ ಒರಟಾಗಿದ್ದರೆ ಕೊಕ್ಕೆ ಜಾರಿ ಕೇಸ್ ಒಳಗೇ ಉಳಿಯುತ್ತದೆ. ಆಮೇಲೆ ಬಾಯಿಯಿಂದ ಕ್ಲೀನಿಂಗ್ ರಾಡ್ ಹಾಕಿ ತಳ್ಳುವುದೊಂದೇ ದಾರಿ. ಗಾಯಗೊಂಡ ಕರಡಿ ಎದುರಿಗಿದ್ದಾಗ ರಾಡ್ ಹುಡುಕುತ್ತಾ ಕೂರಲಾಗುವುದಿಲ್ಲ. ಎಚ್ ಅಂಡ್ ಆರ್ ಕಂಪನಿಯ ಬ್ರೇಕ್-ಆಕ್ಷನ್ ಆದ ಹ್ಯಾಂಡಿ ರೈಫಲ್ ತಯಾರಿಕೆ 2015ರಲ್ಲಿ ನಿಂತಿದೆ, ಈಗ ಸಿಗುವುದು ಹಳೆಯವೇ. ಅದಕ್ಕೆ ಇನ್ನೊಂದು ರೈಫಲ್‌ನ ನಳಿಗೆ ತಂದು ಸಿಕ್ಕಿಸಬೇಡಿ. ಅವನ್ನು ಫ್ಯಾಕ್ಟರಿಯಲ್ಲಿ ಜೋಡಿ ನೋಡಿ ಕೂರಿಸುತ್ತಿದ್ದರು, ಹೆಡ್‌ಸ್ಪೇಸ್ (ಚೇಂಬರ್‌ನಲ್ಲಿ ಕೂತ ತೋಟೆಗೂ ಬ್ರೀಚ್ ಮುಖಕ್ಕೂ ಇರಬೇಕಾದ ಅಳತೆ) ಹೊಂದದಿದ್ದರೆ ಅಪಾಯ.

ಎಚ್-1ಬಿ ವೀಸಾದಲ್ಲಿರುವ ಕನ್ನಡದವರು ಕೌಂಟರ್‌ನಲ್ಲಿ ಕೇಳುವುದುಂಟು, ನಾವು ಕೊಳ್ಳಬಹುದಾ ಅಂತ. ಸಾಮಾನ್ಯವಾಗಿ ಇಲ್ಲ. ಯಾವುದಾದರೂ ರಾಜ್ಯದ ಚಾಲ್ತಿ ಹಂಟಿಂಗ್ ಲೈಸೆನ್ಸ್ ಇದ್ದರೆ ಫೆಡರಲ್ ಕಾನೂನಿನ ವಿನಾಯಿತಿ ಸಿಗುತ್ತದೆ. ಬಂದೂಕು ಕೊಳ್ಳುವಾಗ ತುಂಬುವ ಫಾರ್ಮ್ 4473ರಲ್ಲಿ ಐ-94ರ (ದೇಶ ಪ್ರವೇಶದ ದಾಖಲೆ) ಅಡ್ಮಿಷನ್ ನಂಬರ್ ಬರೆಯಬೇಕು. ಈ ನಿಯಮ ಕೊಳ್ಳುವುದಕ್ಕಷ್ಟೇ ಅಲ್ಲ, ಇಟ್ಟುಕೊಳ್ಳುವುದಕ್ಕೂ ಇದೆ. ಲೈಸೆನ್ಸ್ ಅವಧಿ ಮುಗಿದ ಮರುದಿನ ರೈಫಲ್ ಮನೆಯಲ್ಲಿದ್ದರೂ ಅಪರಾಧವೇ. ನಮ್ಮೂರಲ್ಲಂತೂ ಈ ಪ್ರಶ್ನೆಯೇ ಇಲ್ಲ. ದರೋಜಿಯ ಕರಡಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಬೇಟೆ ನಿಷಿದ್ಧ.

ಕೊಂಡ ಮೇಲೆ ತೋಟೆ ಬದಲಿಸುವುದನ್ನು ರೇಂಜ್‌ನಲ್ಲಿ ಕೈಗವಸು ಹಾಕಿಕೊಂಡೇ ಅಭ್ಯಾಸ ಮಾಡಿ. ಸಿಡಿದ ಕೇಸ್ ಬಿಸಿಯಿದ್ದಾಗಲೇ ಸಲೀಸಾಗಿ ಹೊರಬರುತ್ತದೋ ನೋಡಿ. ಎರಡನೇ ತೋಟೆ ಜೇಬಿನ ತಳದಲ್ಲಿರಬಾರದು, ಸ್ಟಾಕ್ ಮೇಲಿನ ಹೋಲ್ಡರ್‌ನಲ್ಲಿರಲಿ. ಅಟ್ಟಣಿಗೆಗೆ ಹಗ್ಗದಲ್ಲಿ ಎಳೆದುಕೊಳ್ಳುವಾಗ ರೈಫಲ್ ಖಾಲಿಯಿರಬೇಕು, ನಳಿಗೆ ಕೆಳಗಿರಬೇಕು. ಮೇಲೆ ತಲುಪಿದ ಮೇಲೆ ಮುರಿದು ತೆರೆದು, ಬ್ರೀಚ್ ಮುಖವನ್ನು ಬೆರಳಿನಿಂದ ಸವರಿ ನೋಡಿ. ಪೈನ್ ಎಲೆಯ ಒಂದು ಎಸಳು ನಡುವೆ ಸಿಕ್ಕಿದ್ದರೂ ಲ್ಯಾಚ್ ಪೂರ್ತಿ ಕೂರುವುದಿಲ್ಲ. ಲಾಕ್ ಆದ ಸದ್ದು ಕೇಳಿಸಿದರೂ ನಳಿಗೆಯನ್ನು ಒಮ್ಮೆ ಕೆಳಕ್ಕೆ ಒತ್ತಿ ಪರೀಕ್ಷಿಸಿ.