ಪಾಪ್‌ಕಾರ್ನ್‌ಗೆ ಜೊತೆ ಯಾವುದು?

ಪಾಪ್‌ಕಾರ್ನ್ ಎಂದರೆ ಸಿನಿಮಾ ಮಂದಿರದ ಕತ್ತಲಲ್ಲಿ ತಿನ್ನುವ ವಸ್ತು ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಆ ತಿಳಿವಳಿಕೆ ಸಡಿಲಗೊಂಡದ್ದು ಧಾರವಾಡದಲ್ಲಿ, ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಇಥಿಯೋಪಿಯಾದ ಸಂಶೋಧನಾ ವಿದ್ಯಾರ್ಥಿಯೊಬ್ಬರು ಕಾಫಿಗೆ ಕರೆದ ದಿನ. ಅವರು ಕಾಫಿಯ ಹಸಿ ಬೀಜವನ್ನು ನಮ್ಮೆದುರೇ ಹುರಿದು, ಅದರ ಹೊಗೆಯ ಪರಿಮಳ ಎಲ್ಲರಿಗೂ ತಾಗುವಂತೆ ಬಾಣಲೆಯನ್ನು ಸುತ್ತಲೂ ಹಿಡಿದು, ಬಳಿಕ ಪುಡಿ ಮಾಡಿ, ಜೆಬೆನಾ ಎಂಬ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಸಣ್ಣ ಬಟ್ಟಲುಗಳಲ್ಲಿ ಮೂರು ಸುತ್ತು ಬಡಿಸಿದರು. ಆ ನಿಧಾನದ ಉಪಚಾರದುದ್ದಕ್ಕೂ ನಡುವೆ ಕುಳಿತಿದ್ದದ್ದು ಒಂದು ಬುಟ್ಟಿ ಪಾಪ್‌ಕಾರ್ನ್. ಅಮ್ಹಾರಿಕ್ ಭಾಷೆಯಲ್ಲಿ ಅದಕ್ಕೆ ಫೆಂದಿಶಾ ಎನ್ನುತ್ತಾರೆ. ಕಹಿ ಕಾಫಿಯ ಗುಟುಕಿನ ನಂತರ ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ ಆ ಜೊತೆಯ ಔಚಿತ್ಯ ತಾನಾಗಿಯೇ ತಿಳಿಯುತ್ತದೆ.

ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ ಇದರ ಜೊತೆ ಇನ್ನೂ ಬೇರೆ. ನಿಂಬೆರಸದಲ್ಲಿ ನೆನೆಸಿದ ಸೀಗಡಿಯ ಸೆವಿಚೆಗೂ ಆಲೂಗಡ್ಡೆಯ ಸೂಪಿಗೂ ಅಲ್ಲಿಯವರು ಕಾಂಗಿಲ್ ಎಂಬ ಹೆಸರಿನ ಪಾಪ್‌ಕಾರ್ನ್ ಉದುರಿಸಿಕೊಳ್ಳುತ್ತಾರೆ, ನಾವು ಸಾರನ್ನಕ್ಕೆ ಹಪ್ಪಳ ಮುರಿದುಕೊಳ್ಳುವ ಹಾಗೆ. ಇದನ್ನು ವಿಚಿತ್ರವೆನ್ನುವ ಹಕ್ಕು ನಮಗಿಲ್ಲ; ಪಕ್ಕದ ಪೆರುವಿನ ಕರಾವಳಿಯ ಹುಆಕಾ ಪ್ರಿಯೆಟಾ ಪರಿಸರದಲ್ಲಿ ಸುಮಾರು 6,700 ವರ್ಷಗಳಷ್ಟು ಹಳೆಯ ಮೆಕ್ಕೆಜೋಳದ ತೆನೆಯ ಅವಶೇಷಗಳು ಸಿಕ್ಕಿದ್ದು, ಆಗಲೇ ಅಲ್ಲಿನ ಜನ ಅದನ್ನು ಅರಳಿಸಿ ತಿನ್ನುತ್ತಿದ್ದರೆಂದು ಸಂಶೋಧಕರು ಹೇಳುತ್ತಾರೆ.

ಅದಕ್ಕೆ ಹೋಲಿಸಿದರೆ ಸಿನಿಮಾದ ನಂಟು ನಿನ್ನೆ ಮೊನ್ನೆಯದು. ಅಮೆರಿಕದ ವೈಭವದ ಚಿತ್ರಮಂದಿರಗಳು ರತ್ನಗಂಬಳಿ ಹಾಳಾದೀತೆಂದು ಮೊದಮೊದಲು ಅದನ್ನು ದೂರವಿಟ್ಟಿದ್ದವು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಐದು ಹತ್ತು ಸೆಂಟಿನ ಆ ಪೊಟ್ಟಣವೇ ಅವುಗಳ ಕೈಹಿಡಿಯಿತು. ಈಗ ಜರ್ಮನಿಯ ಚಿತ್ರಮಂದಿರಗಳಲ್ಲಿ ಸಿಹಿಯದ್ದೇ ವಾಡಿಕೆ, ಜಪಾನಿನಲ್ಲಿ ಸೋಯಾ ಸಾಸ್ ಮತ್ತು ಬೆಣ್ಣೆ ಬೆರೆಸಿದ್ದೂ ಸಿಗುತ್ತದೆ. ನಮ್ಮಲ್ಲಿ ರುಚಿಯ ಚರ್ಚೆ ತೆರಿಗೆಯವರೆಗೂ ಹೋಯಿತು: 2024ರ ಡಿಸೆಂಬರಿನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ಉಪ್ಪು ಮಸಾಲೆಯ ಬಿಡಿ ಪಾಪ್‌ಕಾರ್ನ್‌ಗೆ ಶೇ 5, ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ್ದಕ್ಕೆ ಶೇ 12, ಕ್ಯಾರಮೆಲ್ ಹಚ್ಚಿದ್ದಕ್ಕೆ ಶೇ 18 ಎಂದು ವಿವರಿಸಿತ್ತು.

ಉತ್ತರ ಕರ್ನಾಟಕದವರಿಗೆ ಇವೆಲ್ಲಕ್ಕಿಂತ ಹತ್ತಿರದ್ದು ನಾಗರ ಪಂಚಮಿಯ ಅಳ್ಳು. ಇದು ಮೆಕ್ಕೆಜೋಳದ್ದಲ್ಲ, ಬಿಳಿ ಜೋಳದ್ದು. ಅದರಲ್ಲೂ ಚೆನ್ನಾಗಿ ಅರಳುವ ಅಳ್ಳಿನ ಜೋಳವೆಂಬ ತಳಿಯೇ ಬೇರೆ. ಕಾಳಿನೊಳಗಿನ ತೇವ ಆವಿಯಾಗಿ ಸಿಪ್ಪೆಯನ್ನು ಸೀಳಿದಾಗಲೇ ಅರಳು ಹುಟ್ಟುವುದರಿಂದ, ನಮ್ಮವ್ವ ಜೋಳಕ್ಕೆ ಬಿಸಿನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಆಮೇಲೆ ಕಾದ ಬಾಣಲೆಗೆ ಹಿಡಿ ಹಿಡಿಯಾಗಿ ಹಾಕುತ್ತಿದ್ದಳು. ಪಾಪ್‌ಕಾರ್ನ್‌ಗಿಂತ ಸಣ್ಣದಾದ ಈ ಅಳ್ಳಿನ ಸಿಪ್ಪೆ ಹಲ್ಲಿಗೆ ಅಷ್ಟಾಗಿ ಸಿಕ್ಕುವುದಿಲ್ಲ. ಒಗ್ಗರಣೆ ಕೊಟ್ಟು, ಹುರಿದ ಶೇಂಗಾ ಮತ್ತು ಪುಟಾಣಿ ಬೆರೆಸಿದರೆ ಹಬ್ಬದ ಉಂಡಿಗಳ ಸಿಹಿಗೆ ಅದು ಸರಿಯಾದ ಜೊತೆ.

ಅವ್ವನನ್ನು ಒಮ್ಮೆ ಹುಬ್ಬಳ್ಳಿಯ ಮಲ್ಟಿಪ್ಲೆಕ್ಸಿಗೆ ಕರೆದೊಯ್ದು, ಕ್ಯಾರಮೆಲ್ ಪಾಪ್‌ಕಾರ್ನ್ ಕೈಗೆ ಕೊಟ್ಟೆ. ಎರಡು ಕಾಳು ಬಾಯಿಗೆ ಹಾಕಿಕೊಂಡು, ಡಬ್ಬಿಯೊಳಗೆ ಇಣುಕಿ ನೋಡಿ ಅವಳು ಅಂದಳು: "ಅಳ್ಳಿಗೆ ಪಾಕ ಹಾಕ್ಯಾರ, ಉಂಡಿ ಕಟ್ಟೂದು ಮರ್ತಾರ."