ಹೋದ್ರೆ ಜರ್ಮನ್ ತಾನಾಗೇ ಬರುತ್ತಾ?

ನಾನು ಜರ್ಮನಿಯಲ್ಲಿ ನರ್ಸ್. ರಜೆಗೆ ದಾವಣಗೆರೆಗೆ ಬಂದಾಗಲೆಲ್ಲ ನರ್ಸಿಂಗ್ ಓದೋ ಹುಡುಗಿಯರು ಯಾರಾದರೂ ಮನೆಗೆ ಬರುತ್ತಾರೆ. ಅವ್ವ ಮಂಡಕ್ಕಿ, ಮಿರ್ಚಿ ಮುಂದಿಡುತ್ತಾಳೆ. ಎಲ್ಲರದ್ದೂ ಒಂದೇ ಪ್ರಶ್ನೆ. "ಅಲ್ಲಿಗೆ ಹೋದ್ಮೇಲೆ ಭಾಷೆ ತಾನಾಗೇ ಬರುತ್ತೆ ಅಲ್ವಾ ಅಕ್ಕಾ? ಏಜೆಂಟ್ ಹಂಗೇ ಹೇಳಿದ್ರು."

ಬರಲ್ಲ. ನಮ್ಮ ಕಡೆಯಿಂದ ಐಟಿ ಕೆಲಸಕ್ಕೆ ಹೋದ ಎಷ್ಟೋ ಜನ ವರ್ಷಗಟ್ಟಲೆ ಅಲ್ಲಿದ್ದೂ ಬೇಕರಿಯಲ್ಲಿ ಬೆರಳು ತೋರಿಸಿಯೇ ಬ್ರೆಡ್ ತಗೋತಾರೆ. ಆಫೀಸಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ. ಅವರಿಗೆ ನಡೆಯುತ್ತೆ, ನರ್ಸಿಗೆ ನಡೆಯಲ್ಲ. ಅಲ್ಲಿ ಪೂರ್ತಿ ನರ್ಸ್ ಅಂತ ಮಾನ್ಯತೆ ಸಿಗಲು ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿ ಬಿ2 ಹಂತ ಪಾಸಾಗಿರಬೇಕು. ಎ1ರಿಂದ ಸಿ2ವರೆಗಿನ ಆರು ಹಂತದಲ್ಲಿ ಅದು ನಾಲ್ಕನೆಯದು. ನಾನು ಬೆಂಗಳೂರಲ್ಲಿ ಪಿಜಿಯಲ್ಲಿದ್ದು ಕಲಿತು, ಪರೀಕ್ಷೆ ಪಾಸಾದ ಮೇಲೆಯೇ ವಿಮಾನ ಹತ್ತಿದ್ದು.

ಕೆಲಸ ಸಿಕ್ಕಿದ್ದು ಸ್ಟುಟ್‌ಗಾರ್ಟ್‌ನ ದಕ್ಷಿಣಕ್ಕೆ, ಶ್ವೇಬಿಶೆ ಆಲ್ಬ್ ಅನ್ನೋ ಗುಡ್ಡಸಾಲಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ. ಅಲ್ಲಿಯವರು ಆಡೋದು ಶ್ವೇಬಿಶ್ ಅನ್ನೋ ಆ ಕಡೆಯ ಆಡುಜರ್ಮನ್. ನಾನು ಬ್ರೋಟ್‌ಶೆನ್ ಅಂತ ಕಲಿತ ಬನ್ನು ಅಲ್ಲಿ ವೆಕ್ಲೆ. ಎರಡೂಕಾಲಿಗೆ 'ಫಿಯರ್ಟೆಲ್ ನಾಖ್ ತ್ಸ್ವಾಯ್' ಅನ್ನಬೇಕು ಅಂತ ಕ್ಲಾಸಲ್ಲಿ ಹೇಳಿಕೊಟ್ಟಿದ್ದರು. ಇವರು 'ಫಿಯರ್ಟೆಲ್ ದ್ರಾಯ್' ಅಂತಾರೆ. ಮೂರನೇ ಗಂಟೆಯಲ್ಲಿ ಕಾಲು ಭಾಗ ಆಯ್ತು ಅನ್ನೋ ಲೆಕ್ಕ! ಪುಸ್ತಕದ ಕನ್ನಡ ಕಲಿತವರನ್ನು ತಂದು ನಮ್ಮ ಎಪಿಎಂಸಿ ಯಾರ್ಡಲ್ಲಿ ನಿಲ್ಲಿಸಿದ ಹಾಗೆ.

ಅದಕ್ಕಿಂತ ಕಷ್ಟ ಅಂಕಿ. ಬೆಳಗ್ಗೆ ಶಿಫ್ಟ್ ಬದಲಾಗುವಾಗ ರಾತ್ರಿಯವರು ಒಬ್ಬೊಬ್ಬರ ಬಿಪಿ, ಶುಗರ್ ಗಡಗಡ ಹೇಳಿಕೊಂಡು ಹೋಗುತ್ತಾರೆ. ಅವರಿಗೆ ಮನೆಗೆ ಹೋಗೋ ಅವಸರ. ಜರ್ಮನ್‌ನಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. 165 ಅಂದರೆ 'ನೂರು, ಐದು ಮತ್ತು ಅರವತ್ತು'. ನಾನು ಒಂದು ಬರೆದು, ಒಂದು ಅಕ್ಷರದಷ್ಟು ಜಾಗ ಬಿಟ್ಟು, ಐದು ಬರೆದು, ಆಮೇಲೆ ನಡುವೆ ಆರು ತುರುಕುತ್ತೇನೆ. ಈಗಲೂ ಹಾಗೇ. ಇನ್ಸುಲಿನ್ ಯೂನಿಟ್ ಆದ್ರೆ ಮಾತ್ರ ಒಂದೊಂದೇ ಅಂಕಿ ತಿರುಗಿ ಹೇಳಿ ಖಾತ್ರಿ ಮಾಡ್ಕೋತೀನಿ. ಯಾರು ಮುಖ ಸಿಂಡರಿಸಿದರೂ ಸರಿ.

ನನಗೆ ಮಾತು ಕಲಿಸಿದ್ದು ಮರೆವಿನ ಕಾಯಿಲೆಯ ಒಬ್ಬ ಅಜ್ಜಿ. "ನೀನು ಎಲ್ಲಿಯವಳು?" ಅಂತ ಊಟಕ್ಕೆ ಕೂರಿಸುವಾಗ ಕೇಳೋಳು, ಮಾತ್ರೆ ಕೊಡುವಾಗ ಮತ್ತೆ ಕೇಳೋಳು. ಮೊದಮೊದಲು ಇಂಡಿಯಾ ಅಂದು ಸುಮ್ನಾಗ್ತಿದ್ದೆ. ಆಮೇಲೆ ದಾವಣಗೆರೆ ಅಂದೆ. ಆಮೇಲೆ ಅಲ್ಲಿ ಹತ್ತಿ ಮಿಲ್ಲುಗಳಿದ್ದವು, ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು, ನಮ್ಮಜ್ಜನೂ ಮಿಲ್ಲಿಗೆ ಹೋಗ್ತಿದ್ದ ಅಂತ ವಾಕ್ಯ ಬೆಳೆಸುತ್ತಾ ಹೋದೆ. ಬೇರೆ ಯಾರಾದ್ರೂ ಆಗಿದ್ರೆ ಅದೇ ಕಥೆ ಕೇಳಿ ಎದ್ದು ಹೋಗ್ತಿದ್ದರು. ಅಜ್ಜಿಗೆ ಪ್ರತಿ ಸಲವೂ ಹೊಸದು.

ಮಿಲ್ ಅಂದ ಕೂಡಲೇ ಅಜ್ಜಿ ನೆಟ್ಟಗೆ ಕೂರೋಳು. ಆ ಗುಡ್ಡಗಾಡಿನ ಆಲ್ಬ್‌ಸ್ಟಾಟ್ ಕಡೆ ಬನಿಯನ್, ಒಳಉಡುಪು ಮಾಡೋ ಕಾರ್ಖಾನೆಗಳು ಬೇಕಾದಷ್ಟಿದ್ದವು. ನಮ್ಮೂರಿನ ಮಿಲ್ಲುಗಳ ಹಾಗೇ ಬಹುಪಾಲು ಬಾಗಿಲು ಹಾಕಿದವು. ಅಜ್ಜಿ ಶಾಲೆ ಬಿಟ್ಟ ಮೇಲೆ ಅಂಥದೊಂದರಲ್ಲಿ ಹೊಲಿಗೆ ಮಿಷನ್ ಮುಂದೆ ಕೂತವಳು. "ನಿಮ್ಮಜ್ಜನಿಗೆ ಕೆಮ್ಮು ಇತ್ತಾ?" ಅಂತ ಒಂದಿನ ಕೇಳಿದಳು. ಇತ್ತು ಅಂದೆ. "ಹತ್ತಿ ಧೂಳು" ಅಂದು ತನ್ನ ಎದೆ ಮುಟ್ಟಿ ತೋರಿಸಿದಳು. ಆವತ್ತು ಅಜ್ಜನ ಬಗ್ಗೆ ತುಂಬಾ ಹೊತ್ತು ಮಾತಾಡಿದೆ. ಯಾವ ಕ್ಲಾಸಲ್ಲೂ ಅಷ್ಟು ಉದ್ದ ಮಾತಾಡಿದವಳಲ್ಲ ನಾನು.

'ಯಾಕಂದ್ರೆ' ಅಂತ ಶುರುವಾಗೋ ಜರ್ಮನ್ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ನಮಗೆ ಅದೇ ಅಭ್ಯಾಸ ಅಲ್ವಾ? ನನ್ನ ಜೊತೆಗಿದ್ದ ಫಿಲಿಪೀನ್ಸ್ ಹುಡುಗಿ ಅಲ್ಲೇ ತಿಣುಕೋಳು. ಇನ್ನು ಪದದ ಲಿಂಗ ತೋರಿಸೋಕೆ ಅದರ ಮುಂದೆ ಹಾಕೋ ಡೇರ್, ಡೀ, ಡಾಸ್ ಬಗ್ಗೆ ನನ್ನ ಕೇಳಬೇಡಿ. ಚಮಚ ಗಂಡಂತೆ, ಫೋರ್ಕ್ ಹೆಣ್ಣಂತೆ, ಚಾಕು ಎರಡೂ ಅಲ್ಲವಂತೆ. ಬಾಯಿಪಾಠ ಹೊಡೀರಿ, ಅಷ್ಟೇ.

ವ್ಯಾಕರಣ ಇಲ್ಲೇ ಮುಗಿಸಿಕೊಂಡು ಹೋಗಿ ಅಂತ ಹುಡುಗಿಯರಿಗೆ ಹೇಳ್ತೀನಿ. ಡ್ಯೂಟಿ ಮುಗಿಸಿ ಬಂದ ಮೇಲೆ ಪುಸ್ತಕ ತೆರೆಯೋಕೆ ಮೈಯಲ್ಲಿ ಶಕ್ತಿ ಇರಲ್ಲ. ಬರ್ಲಿನ್ನೇ ಬೇಕು ಅನ್ನೋ ಹಠವೂ ಬೇಡ. ಮೊನ್ನೆ ಬಂದ ಹುಡುಗಿಗೆ ಇದು ಹಿಡಿಸಲಿಲ್ಲ.

"ಸಣ್ಣ ಊರಲ್ಲಿ ಬೋರ್ ಆಗಲ್ವಾ ಅಕ್ಕಾ?"

ಆಗುತ್ತೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಬಸ್ಸೂ ಕಮ್ಮಿ. ಮಾತಿಗೆ ಸಿಗೋದು ಪಕ್ಕದ ಮನೆಯವರು ಮಾತ್ರ. ಅವರಿಗೆ ಇಂಗ್ಲಿಷ್ ಬರಲ್ಲ.