ಬಾಗಿಲಿಗೆ ಸಿಕ್ಕ ಬೆರಳು

2022ರ ಜುಲೈ. ಪೀಣ್ಯ ಎರಡನೇ ಹಂತದ ಒಂದು ಸಣ್ಣ ಪ್ರೆಸ್ ಶಾಪ್. ಸೆಕೆಂಡ್ ಶಿಫ್ಟ್ ಮುಗಿಯಲು ಇನ್ನೂ ಒಂದು ಗಂಟೆ ಇತ್ತು. ಪವರ್ ಪ್ರೆಸ್‌ನಲ್ಲಿ ವಾಷರ್ ಹೊಡೆಯುತ್ತಿದ್ದೆ. ಡೈ, ಅಂದರೆ ಪ್ರೆಸ್ಸಿನ ಅಚ್ಚಿನ ಮೇಲೆ ಒಂದು ಪೀಸ್ ಅಂಟಿಕೊಂಡಿತು. ಚಿಮಟದಲ್ಲೇ ತೆಗೆಯಬೇಕು ಅಂತ ಗೊತ್ತು. ಆದರೆ ಚಿಮಟ ಹಿಡಿದು ಕೂತರೆ ಗಂಟೆಯ ಲೆಕ್ಕ ತುಂಬುವುದಿಲ್ಲ. ಎಡಗೈ ಹಾಕಿದೆ. ಕಾಲು ಪೆಡಲ್ ಮೇಲೆಯೇ ಇತ್ತು.

ನೋವು ತಕ್ಷಣ ಬರಲಿಲ್ಲ. ತೋರುಬೆರಳಿನ ಮೇಲಿನ ಗೆಣ್ಣು ಇರಲಿಲ್ಲ, ಅಷ್ಟೆ. ಅದನ್ನು ಜಾಸ್ತಿ ಬರೆಯುವುದು ಬೇಡ.

ಓನರ್ ತಮ್ಮ ಕಾರಲ್ಲೇ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಹೊಲಿಗೆ ಹಾಕಿಸಿದರು. ಬಿಲ್ಲನ್ನೂ ಅವರೇ ಕಟ್ಟಿದರು. ಆ ಹೊತ್ತಿಗೆ ಅವರು ನನ್ನ ಪಾಲಿಗೆ ದೇವರೇ. ವಾಪಸ್ ಬರುವಾಗ ಮೆಲ್ಲಗೆ ಅಂದರು: "ಇಎಸ್ಐ ಡಿಸ್ಪೆನ್ಸರಿಯಲ್ಲಿ ಕೇಳಿದರೆ ಮನೆ ಬಾಗಿಲಿಗೆ ಸಿಕ್ಕಿತು ಅಂತ ಹೇಳಪ್ಪ. ಇಲ್ಲದ ರಗಳೆ ಯಾಕೆ?" ಇಎಸ್ಐ ಅಂದರೆ ನಮ್ಮ ಸಂಬಳದಿಂದಲೂ ಕಂಪನಿಯಿಂದಲೂ ದುಡ್ಡು ಹೋಗುವ ಸರ್ಕಾರಿ ಕಾರ್ಮಿಕ ವಿಮೆ. ತಲೆ ಆಡಿಸಿದೆ. ಬಿಲ್ ಕಟ್ಟಿದವರಿಗೆ ಇಲ್ಲ ಅನ್ನೋದು ಹೇಗೆ?

ಮರುದಿನ ಟೂಲ್ ರೂಮಿನ ಅಣ್ಣ ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಬಂದರು. ನೋವು ಹೇಗಿದೆ ಅಂತಲೂ ಕೇಳಲಿಲ್ಲ. "ಆಕ್ಸಿಡೆಂಟ್ ರಿಪೋರ್ಟ್ ಹಾಕಿದ್ರಾ?" ಅಂದರು.

"ಬೇಡ ಅಂದ್ರು ಅಣ್ಣ. ಬಿಲ್ ಅವರೇ ಕಟ್ಟಿದಾರೆ."

ಅವರು ಬಲಗೈ ಮುಂದೆ ಚಾಚಿದರು. ನಡುಬೆರಳು ಅರ್ಧವೇ ಇತ್ತು. ಆರು ವರ್ಷದಿಂದ ನೋಡುತ್ತಿದ್ದ ಕೈ, ಒಂದು ದಿನವೂ ಹೇಗಾಯಿತು ಅಂತ ಕೇಳಿರಲಿಲ್ಲ. "ನಂದೂ ಬಿಲ್ ಕಟ್ಟಿದ್ರು," ಅಂದರು.

ಆಮೇಲೆ ನರ್ಸಿಂಗ್ ಹೋಮಿನ ಔಷಧಿ ಚೀಟಿಯ ಹಿಂದೆಯೇ ಲೆಕ್ಕ ಬರೆದರು. ನನ್ನ ಸಂಬಳ 16,000. ಅದರಲ್ಲಿ ಶೇ. 0.75 ಅಂದರೆ 120 ರೂಪಾಯಿ ಪ್ರತಿ ತಿಂಗಳು ಇಎಸ್ಐಗೆ ಕಟ್ ಆಗುತ್ತೆ. ಕಂಪನಿ ಶೇ. 3.25, ಅಂದರೆ 520 ರೂಪಾಯಿ ಸೇರಿಸಿ ಕಟ್ಟುತ್ತೆ. ಪೇಸ್ಲಿಪ್ ನೋಡಿದಾಗಲೆಲ್ಲ ಆ 120ನ್ನು ಬೈದುಕೊಂಡವನು ನಾನು. ಜ್ವರಕ್ಕೆ ಮಾತ್ರೆ ಕೊಡೋಕೆ ಇಷ್ಟು ದುಡ್ಡಾ ಅಂತ.

"ಬಾಗಿಲಿಗೆ ಸಿಕ್ಕಿದ್ದು ಅಂದ್ರೆ ಅದು ಕಾಯಿಲೆ ರಜೆ. ಸಂಬಳದ ಶೇ. 70 ಕೊಡ್ತಾರೆ, ಅದೂ ವರ್ಷಕ್ಕೆ 91 ದಿನ. ಅಲ್ಲಿಗೆ ಮುಗೀತು. ಕೆಲಸದಲ್ಲಿ ಆಗಿದ್ದು ಅಂದ್ರೆ ಶೇ. 90. ವಾಸಿ ಆಗೋವರೆಗೂ. ನಿನ್ನೆ ಸೇರಿದ ಹುಡುಗನಿಗೂ ಉಂಟು. ಹೋದ ಬೆರಳಿಗೆ ಬೇರೆ, ಜೀವ ಇರೋವರೆಗೂ." ಕೊನೆಯ ಮಾತು ನಾನು ನಂಬಲಿಲ್ಲ.

ಓನರ್ ಕೆಟ್ಟವರಲ್ಲ. ಅವರ ಭಯ ಬೇರೆ. ಪೆಟ್ಟಾದವನು 48 ಗಂಟೆ ಕೆಲಸಕ್ಕೆ ಬರದಿದ್ದರೆ ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೂ ತಿಳಿಸಬೇಕು. ಅವರು ಬಂದರೆ ಮೊದಲು ಕೇಳುವುದು ಪ್ರೆಸ್ಸಿಗೆ ಗಾರ್ಡ್, ಅಂದರೆ ಕೈ ಒಳಗೆ ಹೋಗದಂತೆ ತಡೆಯುವ ಕವಚ, ಎಲ್ಲಿ ಅಂತ. ಗಾರ್ಡ್ ಇತ್ತು, ಮೂಲೆಯಲ್ಲಿ. ಅದನ್ನು ಬಿಚ್ಚಿಟ್ಟವರಲ್ಲಿ ನಾನೂ ಒಬ್ಬ. ಸ್ಪೀಡ್ ಬರಲ್ಲ ಅಂತ.

ಮೂರನೇ ದಿನ ಕೈಗೆ ಬ್ಯಾಂಡೇಜ್ ಸುತ್ತಿಕೊಂಡೇ ಆಫೀಸಿಗೆ ಹೋದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಕಲಿತದ್ದು ಅಲ್ಲಿ ಮರೆತುಹೋಯಿತು. ಅಕೌಂಟ್ಸ್ ಮೇಡಂ ಕಾಪಾಡಿದರು. "ಸಾರ್, ತಿಂಗಳು ತಿಂಗಳು ಕಟ್ತಾ ಇದ್ದೀವಲ್ಲ. ರಿಪೋರ್ಟ್ ಹಾಕಿದ್ರೆ ಇವರ ಖರ್ಚು ಇಎಸ್ಐದು. ಹಾಕದಿದ್ರೆ ನಮ್ಮ ತಲೆ ಮೇಲೆ." ಓನರ್ ಸ್ವಲ್ಪ ಹೊತ್ತು ಕಿಟಕಿ ನೋಡಿದರು. "ಹಾಕಮ್ಮ" ಅಂದರು.

ಅದು ಫಾರ್ಮ್ 12. ತಕ್ಷಣವೇ ಹೋಗಬೇಕಾದದ್ದು. ತಡ ಯಾಕೆ ಅಂತ ಇಎಸ್ಐ ಬ್ರಾಂಚ್ ಆಫೀಸಿನಲ್ಲಿ ಕೇಳಿದರು, ಪಕ್ಕದ ಪ್ರೆಸ್ಸಿನ ಹುಡುಗನನ್ನೂ ವಿಚಾರಿಸಿದರು. ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದ.

ಎರಡು ವಾರ ಕಳೆದರೂ ಮೂಳೆಯ ತುದಿ ಚುಚ್ಚುತ್ತಲೇ ಇತ್ತು. ಡಿಸ್ಪೆನ್ಸರಿಯ ಡಾಕ್ಟರ್ ದೊಡ್ಡ ಇಎಸ್ಐ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಮತ್ತೊಂದು ಆಪರೇಷನ್. ಡಿಸ್ಚಾರ್ಜ್ ದಿನ ನನ್ನ ಹೆಂಡತಿ ಸೀರೆಯ ಸೆರಗಿನಲ್ಲಿ ದುಡ್ಡು ಕಟ್ಟಿಕೊಂಡು ಬಂದಿದ್ದಳು. ಎಲ್ಲಿ ಕಟ್ಟಬೇಕು ಅಂತ ಇಬ್ಬರನ್ನು ಕೇಳಿದಳು. ಏನೂ ಕಟ್ಟೋದಿಲ್ಲಮ್ಮ ಅಂದರು. ಗೇಟು ದಾಟುವವರೆಗೂ ಅವಳಿಗೆ ಅನುಮಾನವೇ.

ಓಡಾಟ ಮಾತ್ರ ಕಮ್ಮಿ ಇರಲಿಲ್ಲ. ಕ್ಯೂ, ಸೀಲು, ಸರ್ಟಿಫಿಕೇಟು. ಒಂದು ಸರ್ಟಿಫಿಕೇಟಿನ ದಿನಾಂಕ ತಪ್ಪಾಗಿ ಬಂದು, ಅದನ್ನು ತಿದ್ದಿಸಲು ಎರಡು ಬಸ್ ಹಿಡಿದು ಹೋಗಿದ್ದೆ. 52 ದಿನ ಮನೆಯಲ್ಲಿದ್ದೆ. ಆ ಶೇ. 90ರ ಲೆಕ್ಕದಲ್ಲಿ ದಿನಕ್ಕೆ 480ರಂತೆ 24,960 ರೂಪಾಯಿ ಬ್ಯಾಂಕ್ ಖಾತೆಗೆ ಬಂತು.

ಕೆಲಸಕ್ಕೆ ವಾಪಸ್ ಸೇರಿದ ಮೇಲೆ ಬೆರಳಿನ ನಷ್ಟ ಎಷ್ಟು ಅಂತ ಅಳೆಯುವ ಮೆಡಿಕಲ್ ಬೋರ್ಡಿನಿಂದ ಕರೆ ಬಂತು. ಏನೇನೋ ಕೇಳುತ್ತಾರೆ ಅಂತ ಎಲ್ಲಾ ಕಾಗದವನ್ನೂ ಒಂದು ಕವರಿನಲ್ಲಿ ತುಂಬಿಕೊಂಡು ಹೋಗಿದ್ದೆ. ಬೆರಳು ಮಡಚು ಅಂದರು. ಚಾಚು ಅಂದರು. ಐದು ನಿಮಿಷ. ಕಾಯ್ದೆಯಲ್ಲೇ ಬೆರಳುಗಳ ಪಟ್ಟಿ ಇದೆಯಂತೆ. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 14 ನಷ್ಟ ಅಂತ ಲೆಕ್ಕ, ಒಂದು ಗೆಣ್ಣಿಗೆ ಶೇ. 9. ಹೆಬ್ಬೆರಳಿಗಾದರೆ ಶೇ. 30. ನನ್ನ ಕೈಯನ್ನು ಹಾಗೆ ಬಿಡಿಬಿಡಿಯಾಗಿ ನಾನು ಯಾವತ್ತೂ ನೋಡಿರಲಿಲ್ಲ.

480ರಲ್ಲಿ ಶೇ. 9 ಅಂದರೆ ದಿನಕ್ಕೆ 43 ರೂಪಾಯಿ ಚಿಲ್ಲರೆ. ಸಂಬಳದ ಜೊತೆಗೇ ಬರುತ್ತೆ, ಕೆಲಸಕ್ಕೆ ಹೋದರೂ ನಿಲ್ಲಲ್ಲ. ತಿಂಗಳಿಗೆ ಹೆಚ್ಚುಕಮ್ಮಿ 1,300. ನನ್ನ ಹೆಂಡತಿ ಅದಕ್ಕೆ ಬೆರಳಿನ ದುಡ್ಡು ಅಂತಾಳೆ. ಮಗಳ ಸ್ಕೂಲ್ ವ್ಯಾನಿಗೆ ಹೋಗುತ್ತೆ.

ಮೊದಲ ಸಲ ಬಂದಾಗ ಟೂಲ್ ರೂಮಿನ ಅಣ್ಣನಿಗೆ ಟೀ ಕೊಡಿಸಿದೆ. "ಎಷ್ಟು ಬಂತು?" ಅಂದರು. ಹೇಳಿದೆ. ಅವರು ಟೀ ಲೋಟವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡರು.

"ನಂದಾಗಿ ಹನ್ನೆರಡು ವರ್ಷ," ಅಂದರು. ಆಮೇಲೆ ಟೀ ದುಡ್ಡು ನಾನೇ ಕೊಡ್ತೀನಿ ಅಂತ ಹಟ ಹಿಡಿದರು.